93ನೆಯ ಸೂತ್ರದ ‘ಸಂಜದ’ ಪದ: ಪ್ರತಿ, ಪಾಠ ಮತ್ತು ಪ್ರಮಾಣ

ಜೈನಶಾಸ್ತ್ರವನ್ನು ಕುರಿತ ಶೋಧಪ್ರಬಂಧಗಳಲ್ಲಿ ‘ಷಟ್ಖಂಡಾಗಮ, ಸತ್ಪ್ರರೂಪಣಾ, ಸೂತ್ರ 93’ ಎಂಬ ಉಲ್ಲೇಖ ಕಾಣಬರುವುದುಂಟು. ಮೇಲುನೋಟಕ್ಕೆ ಇದು ಪೂರ್ಣವಾದ ಆಕರನಿರ್ದೇಶವೇ ಸರಿ. ಗ್ರಂಥದ ಹೆಸರಿದೆ, ಪ್ರಕರಣದ ಹೆಸರಿದೆ, ಸೂತ್ರದ ಸಂಖ್ಯೆಯೂ ಇದೆ. ಆದರೆ ಈ ಉಲ್ಲೇಖವನ್ನು ನಂಬಿ 1939ರ ಮುದ್ರಣವನ್ನು ತೆರೆದವರಿಗೆ ಆ ಸಂಖ್ಯೆಯಲ್ಲಿ ಒಂದು ಪಾಠ ದೊರೆಯುತ್ತದೆ. 1973ರ ಪರಿಷ್ಕೃತ ಮುದ್ರಣವನ್ನು ತೆರೆದವರಿಗೆ ಬೇರೊಂದು ಪಾಠ ದೊರೆಯುತ್ತದೆ. ಎರಡು ಪಾಠಗಳ ನಡುವಣ ಅಂತರ ಒಂದೇ ಪದ, ಮೂರೇ ಅಕ್ಷರ: ‘ಸಂಜದ’. ಸಂಸ್ಕೃತದಲ್ಲಿ ‘ಸಂಯತ’. ಆ ಮೂರು ಅಕ್ಷರಗಳನ್ನು ಹಿಡಿದು ದಿಗಂಬರ ಪಂಡಿತವರ್ಗದಲ್ಲಿ ಅನೇಕ ವರ್ಷಗಳ ಕಾಲ ವಾದ ನಡೆಯಿತು. ಷಟ್ಖಂಡಾಗಮವು ಯಾವ ಸಂಪ್ರದಾಯಕ್ಕೆ ಸೇರಿದ್ದು ಎಂಬ ಪ್ರಶ್ನೆಯವರೆಗೆ ಆ ವಾದ ಬೆಳೆಯಿತು. ಆಕರವನ್ನು ಪರೀಕ್ಷಿಸುವುದೆಂದರೇನು, ಅದನ್ನು ನಿರ್ದೇಶಿಸುವುದೆಂದರೇನು ಎಂಬುದನ್ನು ತಿಳಿಯಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಜೈನ ಹಸ್ತಪ್ರತಿಗಳ ಇತಿಹಾಸದಲ್ಲಿ ದೊರೆಯುವುದು ಕಷ್ಟ.

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಪುಷ್ಪದಂತ, ಭೂತಬಲಿ ಎಂಬ ಮುನಿಗಳಿಬ್ಬರು ಮಹಾಕರ್ಮಪ್ರಕೃತಿ ಪ್ರಾಭೃತವನ್ನು ಕಲಿತು ಷಟ್ಖಂಡಾಗಮವನ್ನು ರಚಿಸಿದ ವೃತ್ತಾಂತ ಪಂಡಿತರಿಗೆ ವಿದಿತವೇ ಆಗಿದೆ. ಇದರ ಮೊದಲ ಭಾಗವಾದ ಸತ್ಪ್ರರೂಪಣೆಯ 177 ಸೂತ್ರಗಳು ಪುಷ್ಪದಂತರವು, ಮುಂದಿನವು ಭೂತಬಲಿಗಳವು. ಇವುಗಳ ಮೇಲೆ ವೀರಸೇನರು ರಚಿಸಿದ ಪ್ರಾಕೃತ-ಸಂಸ್ಕೃತ ಮಿಶ್ರವಾದ ಮಹಾಟೀಕೆಯೇ ಧವಲಾ. ಸತ್ಪ್ರರೂಪಣೆಯ 92 ಮತ್ತು 93ನೆಯ ಸೂತ್ರಗಳು ಮನುಷ್ಯಿನಿಯರನ್ನು, ಎಂದರೆ ಮನುಷ್ಯಗತಿಯ ಸ್ತ್ರೀಯರನ್ನು ಕುರಿತವು. ಮಿಥ್ಯಾದೃಷ್ಟಿ, ಸಾಸಾದನ ಎಂಬ ಮೊದಲೆರಡು ಗುಣಸ್ಥಾನಗಳಲ್ಲಿ ಮನುಷ್ಯಿನಿಯರು ಪರ್ಯಾಪ್ತರೂ ಆಗಿರಬಹುದು, ಅಪರ್ಯಾಪ್ತರೂ ಆಗಿರಬಹುದು ಎಂಬುದು 92ನೆಯ ಸೂತ್ರದ ತಾತ್ಪರ್ಯ. ಅದರಿಂದ ಮೇಲಿನ ಗುಣಸ್ಥಾನಗಳಲ್ಲಿ ಅವರು ನಿಯಮದಿಂದ ಪರ್ಯಾಪ್ತರೇ ಎಂಬುದು 93ನೆಯದರ ತಾತ್ಪರ್ಯ. ಆ ಮೇಲಿನ ಗುಣಸ್ಥಾನಗಳು ಯಾವುವು? ಸಮ್ಯಗ್ಮಿಥ್ಯಾದೃಷ್ಟಿ, ಅಸಂಯತಸಮ್ಯಗ್ದೃಷ್ಟಿ, ಸಂಯತಾಸಂಯತ ಎಂಬ ಮೂರು ಮಾತ್ರವೋ, ಅಥವಾ ಇವುಗಳೊಂದಿಗೆ ಆರನೆಯದರಿಂದ ಹದಿನಾಲ್ಕನೆಯದರ ವರೆಗಿನ ಸಂಯತ ಗುಣಸ್ಥಾನಗಳೂ ಸೇರುತ್ತವೆಯೋ? ‘ಸಂಜದ’ ಪದವಿದ್ದರೆ ಸೇರುತ್ತವೆ, ಇಲ್ಲದಿದ್ದರೆ ಇಲ್ಲ.

ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟ ಅಮರಾವತಿಯಿಂದ 1939ರಲ್ಲಿ ಹೊರಬಂದಿತು. ಪ್ರಧಾನ ಸಂಪಾದಕರು ಅಲ್ಲಿನ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು. ಅವರ ಮುಂದಿದ್ದ ಪ್ರತಿಗಳಲ್ಲಿ ಮುಖ್ಯವಾದವು ಅಮರಾವತಿ, ಕಾರಂಜಾ, ಆರಾ ಎಂಬ ಮೂರು ಸ್ಥಳಗಳ ಕಾಗದದ ನಾಗರೀ ಪ್ರತಿಗಳು. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಮೂಲ ತಾಡಪತ್ರವನ್ನು ನೋಡುವ ಅವಕಾಶ ಆಗ ಅವರಿಗಿರಲಿಲ್ಲ. ಈ ಕಾಗದದ ಪ್ರತಿಗಳಲ್ಲಿ 93ನೆಯ ಸೂತ್ರ ‘ಸಂಜದ’ ಪದವಿಲ್ಲದೆ ಇದ್ದಿತು. ಸಂಪಾದಕರು ಸೂತ್ರವನ್ನು ಪ್ರತಿಯಲ್ಲಿದ್ದಂತೆಯೇ ಮುದ್ರಿಸಿ, ಇಲ್ಲಿ ‘ಸಂಜದ’ ಎಂಬ ಪಾಠ ಬಿಟ್ಟುಹೋದಂತೆ ತೋರುತ್ತದೆ ಎಂಬ ಅರ್ಥದ ಚಿಕ್ಕದೊಂದು ಟಿಪ್ಪಣಿಯನ್ನು ಪುಟದ ಅಡಿಯಲ್ಲಿ ಕೊಟ್ಟರು. ಹಿಂದೀ ಅನುವಾದದಲ್ಲಿ ಮಾತ್ರ ಸಂಯತ ಗುಣಸ್ಥಾನವನ್ನು ಸೇರಿಸಿಕೊಂಡರು.

ಈ ನಡವಳಿಕೆಯಲ್ಲಿ ಗ್ರಂಥಸಂಪಾದನೆಯ ದೃಷ್ಟಿಯಿಂದ ಮೆಚ್ಚತಕ್ಕುದೂ ಇದೆ, ಆಕ್ಷೇಪಿಸತಕ್ಕುದೂ ಇದೆ. ಪ್ರತಿಯಲ್ಲಿ ಇಲ್ಲದ ಪದವನ್ನು ಸೂತ್ರಶರೀರದಲ್ಲಿ ತುರುಕದೆ, ತಮ್ಮ ಊಹೆಯನ್ನು ಊಹೆಯೆಂದೇ ಅಡಿಯಲ್ಲಿ ತಿಳಿಸಿದುದು ಮೆಚ್ಚತಕ್ಕುದು. ಆದರೆ ಅನುವಾದದಲ್ಲಿ ಆ ಊಹೆ ಸಿದ್ಧಪಾಠದ ವೇಷ ತೊಟ್ಟಿತು. ಸೂತ್ರವನ್ನೂ ಟಿಪ್ಪಣಿಯನ್ನೂ ಬಿಟ್ಟು ಹಿಂದೀ ಅನುವಾದವನ್ನಷ್ಟೇ ಓದುವವರು ಆ ದಿನಗಳಲ್ಲಿಯೂ ಇದ್ದರು, ಇಂದಿಗೂ ಇದ್ದಾರೆ. ಒಂದೇ ಪುಟದಲ್ಲಿ ಪುಷ್ಪದಂತರ ಸೂತ್ರ, ವೀರಸೇನರ ಟೀಕೆ, ಸಂಪಾದಕರ ಟಿಪ್ಪಣಿ, ಆಧುನಿಕರ ಅನುವಾದ ಎಂಬ ನಾಲ್ಕು ಕಾಲದ, ನಾಲ್ಕು ಅಧಿಕಾರದ ಮಾತುಗಳು ಒಂದರ ಕೆಳಗೊಂದು ಅಚ್ಚಾಗಿದ್ದವು. ಬಂದ ಗೊಂದಲದ ಬಹುಭಾಗ ಇವು ನಾಲ್ಕನ್ನೂ ‘ಷಟ್ಖಂಡಾಗಮ ಹೇಳುತ್ತದೆ’ ಎಂಬ ಒಂದೇ ಮಾತಿನಲ್ಲಿ ಕಟ್ಟಿದುದರಿಂದ ಬಂದದ್ದು.

ಪದವಿಲ್ಲವೆಂಬ ಪಕ್ಷದವರ ಮುಖ್ಯ ಬಲ ಪ್ರತಿಗಳ ಸಂಖ್ಯೆ. ಬೇರೆ ಬೇರೆ ಪ್ರಾಂತಗಳಲ್ಲಿರುವ ಪ್ರತಿಗಳೆಲ್ಲ ಒಂದೇ ಪಾಠವನ್ನು ಕೊಡುವಾಗ ಸಂಪಾದಕರ ಊಹೆಗೆ ಎಡೆಯೆಲ್ಲಿ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಇದಕ್ಕೆ ಉತ್ತರ ಆ ಪ್ರತಿಗಳು ಹುಟ್ಟಿದ ಬಗೆಯಲ್ಲಿದೆ. ಆದುದರಿಂದ ಆ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗುತ್ತದೆ.

ಧವಲಾದ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದುಬಂದುದು ಮೂಡುಬಿದಿರೆಯಲ್ಲಿ ಮಾತ್ರ. ಲಿಪಿ ಹಳಗನ್ನಡ. ಬನ್ನಿಕೆರೆಯ ಉತ್ತುಂಗ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ದೇಮಿಯಕ್ಕನು ಶ್ರುತಪಂಚಮಿಯ ವ್ರತೋದ್ಯಾಪನೆಯ ಸಂದರ್ಭದಲ್ಲಿ ಅರ್ಪಿಸಿದ ಪ್ರತಿ ಇವುಗಳಲ್ಲಿ ಪ್ರಸಿದ್ಧವಾದುದು. ಹೊಯ್ಸಳರ ಕಾಲದ ಆರಂಭಕ್ಕೆ, ಹನ್ನೆರಡನೆಯ ಶತಮಾನದ ಮೊದಲ ಪಾದಕ್ಕೆ ಅದು ಸೇರುತ್ತದೆ. ವರ್ಣಚಿತ್ರಗಳಿಂದ ಕೂಡಿದ ಓಲೆಗಳಿಂದಾಗಿ ಕಲೆಯ ಇತಿಹಾಸಕಾರರಿಗೂ ಅದು ಪರಿಚಿತ. ಶತಮಾನಗಳ ಕಾಲ ಈ ಗ್ರಂಥಗಳು ಯಾತ್ರಿಕರ ದರ್ಶನಕ್ಕೆ ಮಾತ್ರ ಹೊರಬರುತ್ತಿದ್ದುವು. ಅಧ್ಯಯನ ನಿಂತುಹೋಗಿದ್ದಿತು. ಓಲೆಗಳು ಶಿಥಿಲವಾಗುತ್ತಿವೆಯೆಂಬುದನ್ನು ಕಂಡು, ಅವುಗಳನ್ನು ಪ್ರತಿಮಾಡಿಸಬೇಕೆಂಬ ಯತ್ನವನ್ನು ಮುಂಬಯಿಯ ಸೇಠ್ ಮಾಣಿಕಚಂದರು ಮತ್ತು ಸೊಲ್ಲಾಪುರದ ಹೀರಾಚಂದ ನೇಮಚಂದರು ಕೈಕೊಂಡರು. 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಅವರ ಜೊತೆಗೆ ಮಿರಜಿನ ಗಜಪತಿ ಉಪಾಧ್ಯಾಯರು ಮೂಡುಬಿದಿರೆಯಲ್ಲಿ ಪ್ರತಿಕಾರ್ಯವನ್ನು ಆರಂಭಿಸಿದರು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಗಜಪತಿ ಉಪಾಧ್ಯಾಯರು ಕೆಲಸವನ್ನು ಮುಂದುವರಿಸಿದರು. ಗ್ರಂಥವನ್ನು ಹೊರಗೆ ಒಯ್ಯಕೂಡದೆಂಬ ನಿರ್ಬಂಧವಿದ್ದಿತು. ಆದರೂ ಅವರು ಬಸದಿಗಾಗಿ ಬರೆಯುತ್ತಿದ್ದಾಗಲೇ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯ ಮತ್ತೊಂದು ಪ್ರತಿಯನ್ನು ಮನೆಯಲ್ಲಿ ಸಿದ್ಧಪಡಿಸಿಕೊಂಡರು. ಆ ಪ್ರತಿ ಸಹಾರನಪುರದ ಲಾಲಾ ಜಂಬೂಪ್ರಸಾದರ ವಶಕ್ಕೆ ಬಂದಿತು.

ಸಹಾರನಪುರದಲ್ಲಿ ಕನ್ನಡ ಬಲ್ಲವರು ಇಲ್ಲದ ಕಾರಣ ಅದನ್ನು ನಾಗರಿಗೆ ಇಳಿಸಬೇಕಾಯಿತು. ಆ ಲಿಪ್ಯಂತರವನ್ನು ಮಾಡಿದವರು ಪಂಡಿತ ಸೀತಾರಾಮ ಶಾಸ್ತ್ರಿಗಳು. ಅವರೂ ತಮ್ಮದಾಗಿ ಒಂದು ಪ್ರತಿಯನ್ನು ಉಳಿಸಿಕೊಂಡರು. ಉತ್ತರದ, ಮಧ್ಯಪ್ರಾಂತದ, ಮಹಾರಾಷ್ಟ್ರದ ಭಂಡಾರಗಳಿಗೆ ಧವಲಾ ತಲುಪಿದುದು ಆ ಪ್ರತಿಯ ಮೂಲಕ. ಅಮರಾವತಿ, ಕಾರಂಜಾ, ಆರಾ ಮೂರು ಪ್ರತಿಗಳೂ ಈ ಒಂದೇ ಬಳ್ಳಿಯ ಕಾಯಿಗಳು.

ಗಜಪತಿ ಉಪಾಧ್ಯಾಯರ ಕಾರ್ಯವನ್ನು ನಿಂದಿಸುವವರೂ ಇದ್ದಾರೆ, ಸ್ತುತಿಸುವವರೂ ಇದ್ದಾರೆ. ಆ ಗುಟ್ಟಿನ ಪ್ರತಿ ಇಲ್ಲದಿದ್ದರೆ ಸಿದ್ಧಾಂತಗ್ರಂಥದ ಪ್ರಕಟಣೆ ಇನ್ನೆಷ್ಟು ಕಾಲ ತಡೆಯುತ್ತಿದ್ದಿತೋ ಹೇಳಬರುವಂತಿಲ್ಲ. ಆದರೆ ಪಾಠವಿಮರ್ಶಕನಿಗೆ ಬೇಕಾದುದು ನಿಂದೆಯೂ ಅಲ್ಲ, ಸ್ತುತಿಯೂ ಅಲ್ಲ. ಬರೆಹ ನಡೆದ ಸನ್ನಿವೇಶ ಎಂತಹದು, ಬರೆದ ಮೇಲೆ ಮೂಲದೊಡನೆ ಹೋಲಿಸಿ ತಿದ್ದುವ ಅವಕಾಶ ಇದ್ದಿತೇ ಎಂಬುದು ಅವನ ಪ್ರಶ್ನೆ. ಗುಟ್ಟಾಗಿ ಬರೆದ ಪ್ರತಿಯನ್ನು ಮೂಲದ ಪಕ್ಕದಲ್ಲಿ ಇರಿಸಿಕೊಂಡು ಸಾವಕಾಶವಾಗಿ ಶೋಧಿಸುವುದು ಶಕ್ಯವಾಗಿರಲಾರದು. ಅದರಿಂದ ಇಳಿದ ನಾಗರೀ ಪ್ರತಿಗಳಲ್ಲಿ ಗ್ರಂಥಪಾತಗಳು ಅಲ್ಲಲ್ಲಿ ಉಳಿದುದಕ್ಕೆ ಇದೊಂದು ಮುಖ್ಯ ಕಾರಣ. ಒಂದೇ ತಾಯಿಯಿಂದ ಹುಟ್ಟಿದ ಹತ್ತು ಪ್ರತಿಗಳಲ್ಲಿ ಒಂದೇ ಲೋಪವಿದ್ದರೆ ಅವು ಹತ್ತು ಸಾಕ್ಷಿಗಳಾಗುವುದಿಲ್ಲ; ಒಂದೇ ಸಾಕ್ಷಿಯ ಮಾತನ್ನು ಹತ್ತು ಜನರು ಮತ್ತೆ ಹೇಳಿದಂತಾಗುತ್ತದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ (1964)ಯನ್ನು ಓದಿದವರಿಗೆ ಪ್ರತಿಗಳ ವಂಶವೃಕ್ಷದ ಈ ತತ್ತ್ವ ಹೊಸದೇನೂ ಅಲ್ಲ. ಹೊಸದಾಗಿ ಕಾಣುವುದು ಆಗಮಗ್ರಂಥಕ್ಕೂ ಅದು ಅನ್ವಯಿಸುತ್ತದೆ ಎಂಬ ಮಾತು ಮಾತ್ರ.

ಪದ ಬಿಟ್ಟುಹೋದ ಬಗೆಯನ್ನು ಊಹಿಸುವುದೂ ಕಷ್ಟವಲ್ಲ. ಸೂತ್ರದಲ್ಲಿ ‘ಸಂಜದಾಸಂಜದ’ ಎಂಬ ಪದದ ಬೆನ್ನಿಗೇ ‘ಸಂಜದ’ ಬರುತ್ತದೆ. ಪದಗಳ ನಡುವೆ ಎಡೆ ಬಿಡದ ಹಳೆಯ ಬರೆಹದಲ್ಲಿ ‘ಸಂಜದ’ ಎಂಬ ಅಕ್ಷರಪಂಕ್ತಿ ಮೂರು ಸಲ ಸಾಲಾಗಿ ಕಾಣುತ್ತದೆ. ಎರಡನೆಯದನ್ನು ಬರೆದು ಓಲೆಯತ್ತ ಕಣ್ಣು ಹೊರಳಿಸಿದ ಲಿಪಿಕಾರನ ದೃಷ್ಟಿ ಮೂರನೆಯದರ ಕೊನೆಗೆ ಹೋಗಿ ನಿಂತರೆ ಪದ ಹೋಯಿತು. ಹಳಗನ್ನಡ ಓಲೆಗಳನ್ನು ಪ್ರತಿಮಾಡಿದವರೆಲ್ಲರೂ ಬಲ್ಲ ದೋಷವಿದು. ಇದಕ್ಕೆ ವಿರುದ್ಧವಾಗಿ, ಇಲ್ಲದ ಪದವನ್ನು ಯಾರೋ ಸೇರಿಸಿದರೆಂದು ಹೇಳುವವರು, ದಿಗಂಬರ ಮಠದ ಆವರಣದಲ್ಲಿ ದಿಗಂಬರ ಲಿಪಿಕಾರನೊಬ್ಬನು ತನ್ನ ಸಿದ್ಧಾಂತಕ್ಕೆ ತೊಡಕಾಗಬಹುದಾದ ಪದವನ್ನು ಏಕೆ ಸೇರಿಸಿದನೆಂಬುದಕ್ಕೆ ಸಮಾಧಾನ ಹೇಳಬೇಕಾಗುತ್ತದೆ.

ಇಷ್ಟು ಬಾಹ್ಯಪ್ರಮಾಣದ ಮಾತಾಯಿತು. ಇದಕ್ಕಿಂತ ಬಲವಾದುದು ಗ್ರಂಥದೊಳಗಿನ ಪ್ರಮಾಣ. ಸಂಪಾದಕರು ಮೂಡುಬಿದಿರೆಯ ಓಲೆಯನ್ನು ಕಾಣದೆಯೇ ಪದದ ಲೋಪವನ್ನು ಕಂಡುಹಿಡಿದುದು ಇದರಿಂದಲೇ. ಈ ಸೂತ್ರದ ಮೇಲೆ ವೀರಸೇನರು ಎತ್ತುವ ಶಂಕೆ ಹೀಗಿದೆ: ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಯರಿಗೆ ಮೋಕ್ಷ ಸಿದ್ಧಿಸಬೇಕಾಗುತ್ತದಲ್ಲವೇ? ಸೂತ್ರದಲ್ಲಿ ಸಂಯತಾಸಂಯತದ ವರೆಗೆ ಮಾತ್ರ ಹೇಳಿದ್ದರೆ ಇಂತಹ ಶಂಕೆ ಹುಟ್ಟುವುದಕ್ಕೇ ಅವಕಾಶವಿಲ್ಲ. ಐದನೆಯ ಗುಣಸ್ಥಾನದ ವರೆಗಿನ ಮಾತನ್ನು ಕೇಳಿ ‘ಹಾಗಾದರೆ ಮೋಕ್ಷವೂ ಸಿದ್ಧಿಸಿತಲ್ಲ’ ಎಂದು ಯಾವ ಪೂರ್ವಪಕ್ಷಿಯೂ ಕೇಳಲಾರನು. ವೀರಸೇನರು ಕೊಡುವ ಸಮಾಧಾನವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ದ್ರವ್ಯಸ್ತ್ರೀಯರು ಸವಸ್ತ್ರರಾದುದರಿಂದ ಅವರಿಗೆ ಸಂಯಮ ಉಂಟಾಗದು ಎಂದು ಮೊದಲು ಹೇಳುತ್ತಾರೆ. ವಸ್ತ್ರವಿದ್ದರೂ ಭಾವಸಂಯಮ ಇರಬಹುದಲ್ಲ ಎಂಬ ಮರುಶಂಕೆಯನ್ನು, ವಸ್ತ್ರವನ್ನು ಸ್ವೀಕರಿಸುವುದೇ ಭಾವದ ಅಸಂಯಮವನ್ನು ಸೂಚಿಸುತ್ತದೆಂದು ಕಳೆಯುತ್ತಾರೆ. ಹಾಗಾದರೆ ಅವರಲ್ಲಿ ಹದಿನಾಲ್ಕು ಗುಣಸ್ಥಾನಗಳು ಹೇಗೆ ಎಂಬುದು ಮುಂದಿನ ಪ್ರಶ್ನೆ. ಭಾವಸ್ತ್ರೀವೇದದಿಂದ ವಿಶಿಷ್ಟವಾದ ಮನುಷ್ಯಗತಿಯಲ್ಲಿ ಅವುಗಳ ಸದ್ಭಾವಕ್ಕೆ ವಿರೋಧವಿಲ್ಲ ಎಂಬುದು ಉತ್ತರ. ಮೇಲಿನ ಗುಣಸ್ಥಾನಗಳಲ್ಲಿ ವೇದವೇ ನಾಶವಾಗುವುದಲ್ಲ ಎಂದರೆ, ಇಲ್ಲಿ ಪ್ರಧಾನವಾದುದು ಗತಿಯೇ ಹೊರತು ವೇದವಲ್ಲ, ವೇದ ಅಳಿದ ಮೇಲೂ ಆ ವ್ಯಪದೇಶ ಉಪಚಾರದಿಂದ ನಡೆಯುತ್ತದೆ ಎನ್ನುತ್ತಾರೆ. ‘ಹದಿನಾಲ್ಕು ಗುಣಸ್ಥಾನಗಳು’ ಎಂಬ ಮಾತು ಟೀಕೆಯಲ್ಲಿ ಹೀಗೆ ಬರಬೇಕಾದರೆ ಟೀಕಾಕಾರರ ಮುಂದಿದ್ದ ಸೂತ್ರದಲ್ಲಿ ಸಂಯತಪದ ಇದ್ದಿರಲೇಬೇಕು.

ಇದೇ ಗ್ರಂಥದ ಬೇರೆ ಸ್ಥಳವೂ ಇದಕ್ಕೆ ಸಾಕ್ಷಿ. ದ್ರವ್ಯಪ್ರಮಾಣಾನುಗಮದಲ್ಲಿ ಮನುಷ್ಯಿನಿಯರ ಸಂಖ್ಯೆಯನ್ನು ಹೇಳುವಾಗ ಸಾಸಾದನದಿಂದ ಅಯೋಗಿಕೇವಲಿಯ ವರೆಗಿನ ಗುಣಸ್ಥಾನಗಳನ್ನು ಸೂತ್ರಕಾರರು ಒಟ್ಟಾಗಿ ಎತ್ತಿಕೊಳ್ಳುತ್ತಾರೆ. ಅಲ್ಲಿ ಅಯೋಗಿಕೇವಲಿಯ ವರೆಗೆ ಮನುಷ್ಯಿನಿಯರನ್ನು ಎಣಿಸಿ, ಇಲ್ಲಿ ಸಂಯತಾಸಂಯತದಲ್ಲಿಯೇ ನಿಲ್ಲಿಸಿದರೆ ಆಗಮದಲ್ಲಿ ಪೂರ್ವಾಪರವಿರೋಧ ಬರುತ್ತದೆ. ಒಂದು ಸೂತ್ರವನ್ನು ಅದರ ಟೀಕೆಯಿಂದಲೂ ಸಹೋದರ ಸೂತ್ರಗಳಿಂದಲೂ ಬೇರ್ಪಡಿಸಿ ಓದಿದವರಿಗೆ ಮಾತ್ರ ಈ ವಿರೋಧ ಕಾಣದೆ ಹೋಗುತ್ತದೆ.

ಮುಂದೆ ಮೂಡುಬಿದಿರೆಯ ಭಟ್ಟಾರಕ ಶ್ರೀ ಚಾರುಕೀರ್ತಿಗಳ ಮತ್ತು ಬಸದಿಯ ಆಡಳಿತದವರ ಸಹಕಾರ ದೊರೆಯಿತು. ಮುದ್ರಿತ ಪಾಠವನ್ನು ತಾಡಪತ್ರದೊಡನೆ ಹೋಲಿಸುವ ಕೆಲಸ ಅಲ್ಲಿನ ಪಂಡಿತ ಲೋಕನಾಥ ಶಾಸ್ತ್ರಿಗಳ ನೇತೃತ್ವದಲ್ಲಿ ನಡೆಯಿತು. 93ನೆಯ ಸೂತ್ರದ ತಾಡಪತ್ರ ಪಾಠದಲ್ಲಿ ‘ಸಂಜದ’ ಪದ ಇದ್ದೇ ಇದ್ದಿತು. ಹೋಲಿಕೆಯಿಂದ ತಿಳಿದುಬಂದುದು ಇದೊಂದೇ ಅಲ್ಲ. ಸಂಪಾದಕರು ಅರ್ಥಸಂಗತಿಯ ಬಲದಿಂದ ಊಹಿಸಿದ್ದ ಪಾಠಗಳು ಬೇರೆ ಕಡೆಗಳಲ್ಲಿಯೂ ಓಲೆಯಲ್ಲಿ ದೊರೆತವು. ಅವರ ಗಮನಕ್ಕೆ ಬಾರದ ಲೋಪಗಳೂ ಹೊರಪಟ್ಟವು. ಪಾಠವಿಮರ್ಶೆಯಲ್ಲಿ ಊಹೆಗೆ ಇಷ್ಟು ನೇರವಾದ ಪರೀಕ್ಷೆ ಒದಗುವುದು ಅಪೂರ್ವ.

ವಾದ ಇಲ್ಲಿಗೆ ಮುಗಿಯಬೇಕಾಗಿದ್ದಿತು, ಮುಗಿಯಲಿಲ್ಲ. ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳಲ್ಲಿ ಕೆತ್ತಿಸುವ ಯೋಜನೆ ರೂಪುಗೊಂಡಾಗ, ಆ ಪದವನ್ನು ತಾಮ್ರದಲ್ಲಿ ಇಡಬೇಕೇ ಬಿಡಬೇಕೇ ಎಂಬ ಪ್ರಶ್ನೆ ಮತ್ತೆ ಎದ್ದಿತು. ಕಾಗದದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ತಾಮ್ರದಲ್ಲಿ ಕೆತ್ತಿದುದು ನೂರಾರು ವರ್ಷ ನಿಲ್ಲುವಂತಹದು. ಆದುದರಿಂದಲೇ ಎರಡು ಪಕ್ಷದವರಲ್ಲಿಯೂ ಕಳವಳ ಹೆಚ್ಚಾಗಿದ್ದಿತು. ಪದವನ್ನು ವಿರೋಧಿಸಿದ ಪಂಡಿತರು ಅಲ್ಪಜ್ಞರಲ್ಲ. ಮನುಷ್ಯಿನಿಗೆ ಸಂಯತಪದವನ್ನು ಸೂತ್ರವೇ ಹೇಳಿಬಿಟ್ಟರೆ ಸ್ತ್ರೀಮುಕ್ತಿಯ ನಿಷೇಧಕ್ಕೆ ಆಧಾರವೇ ತಪ್ಪೀತೆಂಬ ಭಯ ಅವರದು. ಈ ಪ್ರಕರಣ ದ್ರವ್ಯಸ್ತ್ರೀಯನ್ನೇ ಕುರಿತದ್ದು, ಪರ್ಯಾಪ್ತಿ ಅಪರ್ಯಾಪ್ತಿಗಳು ಶರೀರಕ್ಕೆ ಸಂಬಂಧಿಸಿದವು, ಆದುದರಿಂದ ಇಲ್ಲಿ ಭಾವವೇದದ ಮಾತಿಗೆ ಸ್ಥಾನವಿಲ್ಲ ಎಂಬ ಯುಕ್ತಿಯನ್ನೂ ಅವರು ತಂದರು. ಯುಕ್ತಿ ಸೂಕ್ಷ್ಮವಾದುದೇ. ಆದರೆ ಅದು ಸೂತ್ರದ ಅರ್ಥವನ್ನು ಕುರಿತ ಯುಕ್ತಿ. ಓಲೆಯಲ್ಲಿ ಏನು ಬರೆದಿದೆ ಎಂಬುದನ್ನು ಅದು ಬದಲಿಸಲಾರದು. ಯಾವ ಆಚಾರ್ಯರ ಸಿದ್ಧಾಂತವನ್ನು ಕಾಪಾಡಲು ಇವರು ಪದವನ್ನು ಬಿಡಬೇಕೆಂದರೋ, ಆ ವೀರಸೇನರು ಪದವನ್ನು ಎದುರಿಗಿಟ್ಟುಕೊಂಡೇ ಸ್ತ್ರೀಮುಕ್ತಿಯನ್ನು ನಿಷೇಧಿಸಿದ್ದಾರೆ. ಅವರಿಗೆ ಸಂಕೋಚವಾಗದ ಪದ ಸಾವಿರದ ನೂರು ವರ್ಷಗಳ ಅನಂತರದ ಶಿಷ್ಯರಿಗೆ ಸಂಕೋಚವಾದುದು ವಿಚಿತ್ರವೆನ್ನಬೇಕು. ಸಿದ್ಧಾಂತದ ರಕ್ಷಣೆ ಟೀಕೆಯ ಕೆಲಸ. ಪಾಠದ ರಕ್ಷಣೆ ಪ್ರತಿಯ ಕೆಲಸ. ಒಂದರ ಹೊರೆಯನ್ನು ಇನ್ನೊಂದರ ಮೇಲೆ ಹೊರಿಸಿದಾಗ ಎರಡೂ ಕೆಡುತ್ತವೆ.

ಇನ್ನೊಂದು ಕಡೆಯ ಅತಿರೇಕವನ್ನೂ ಹೇಳದೆ ಬಿಡುವಂತಿಲ್ಲ. ಪದ ಸಿದ್ಧವಾದ ಮೇಲೆ ಅದನ್ನೇ ಹಿಡಿದು ಷಟ್ಖಂಡಾಗಮವು ಮೂಲತಃ ಸ್ತ್ರೀಮುಕ್ತಿಯನ್ನು ಒಪ್ಪಿದ ಯಾಪನೀಯರ ಗ್ರಂಥವೆಂದು ವಾದಿಸಿದವರಿದ್ದಾರೆ. ಡಾ. ಸಾಗರಮಲ ಜೈನರು ಯಾಪನೀಯ ಸಂಪ್ರದಾಯವನ್ನು ಕುರಿತು 1996ರಲ್ಲಿ ಪ್ರಕಟಿಸಿದ ಹಿಂದೀ ಗ್ರಂಥದಲ್ಲಿ ಈ ಪಕ್ಷವಿದೆ, ಪ್ರೊ. ರತನಚಂದ್ರ ಜೈನರು 2009ರಲ್ಲಿ ಹೊರತಂದ ಬೃಹದ್ಗ್ರಂಥದಲ್ಲಿ ಇದಕ್ಕೆ ವಿಸ್ತಾರವಾದ ಪ್ರತ್ಯುತ್ತರವಿದೆ. ಯಾಪನೀಯರ ಬಸದಿಗಳೂ ಶಾಸನಗಳೂ ಕರ್ನಾಟಕದಲ್ಲಿ ಹೇರಳವಾಗಿರುವುದರಿಂದ ಈ ಚರ್ಚೆ ಇಲ್ಲಿನ ವಿದ್ವಾಂಸರಿಗೆ ದೂರದ್ದಲ್ಲ. ಇದರ ನಿರ್ಣಯ ಒಂದು ಪದದಿಂದ ಆಗತಕ್ಕುದಲ್ಲ. ಸೂತ್ರಕಾರರು ‘ಮನುಷ್ಯಿನೀ’ ಶಬ್ದವನ್ನು ಗ್ರಂಥದ ಉದ್ದಕ್ಕೂ ಯಾವ ಅರ್ಥದಲ್ಲಿ ಬಳಸಿದ್ದಾರೆಂಬುದನ್ನು ಎಲ್ಲ ಅನುಯೋಗದ್ವಾರಗಳಲ್ಲಿಯೂ ಹುಡುಕಿ ನೋಡಬೇಕಾಗುತ್ತದೆ. ಪ್ರಕೃತಕ್ಕೆ ಬೇಕಾದುದಿಷ್ಟು: ಸೂತ್ರದಿಂದ ಸ್ತ್ರೀಮುಕ್ತಿಯನ್ನು ಸಾಧಿಸುವವರು ಅದು ತಮ್ಮ ಅರ್ಥವೆಂದು ಹೇಳಬೇಕು, ವೀರಸೇನರ ವ್ಯಾಖ್ಯಾನ ಅದಕ್ಕೆ ವಿರುದ್ಧವಾಗಿದೆಯೆಂಬುದನ್ನು ಅದೇ ಪುಟದಲ್ಲಿ ತಿಳಿಸಬೇಕು. ನಿಷೇಧಿಸುವವರು ನಿಷೇಧ ಟೀಕೆಯದೆಂದು ಹೇಳಬೇಕು. ಸೂತ್ರದ ತಲೆಗೆ ಅದನ್ನು ಕಟ್ಟಬಾರದು.

ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು 1973ರಲ್ಲಿ ಹೊರತಂದ ಪರಿಷ್ಕೃತ ಮುದ್ರಣದಲ್ಲಿ ಪದ ಸೂತ್ರದೊಳಗೇ ಸೇರಿತು. ಅಂದಿನಿಂದ ಗ್ರಂಥಾಲಯಗಳ ಕಪಾಟುಗಳಲ್ಲಿ ಎರಡು ಮುದ್ರಣಗಳೂ ಅಕ್ಕಪಕ್ಕದಲ್ಲಿವೆ. ಎರಡೂ ಮೊದಲನೆಯ ಸಂಪುಟವೇ, ಸೂತ್ರಸಂಖ್ಯೆಯೂ ಒಂದೇ. ಮುದ್ರಣದ ವರ್ಷವನ್ನು ಬರೆಯದೆ ಸೂತ್ರಸಂಖ್ಯೆಯನ್ನು ಮಾತ್ರ ಬರೆದರೆ ಓದುಗನಿಗೆ ತಲುಪುವ ಪಾಠ ಯಾವುದೆಂದು ಬರೆದವನಿಗೇ ತಿಳಿದಿರುವುದಿಲ್ಲ. ವಿದ್ಯಾರ್ಥಿಗಳು ಬೇರೊಬ್ಬರ ಪ್ರಬಂಧದ ಅಡಿಟಿಪ್ಪಣಿಯಿಂದ ಈ ಸಂಖ್ಯೆಯನ್ನು ಎತ್ತಿಕೊಂಡು, ಮೂಲವನ್ನು ತಾವೇ ಕಂಡಂತೆ ಬರೆಯುವುದು ಇನ್ನೂ ಅಪಾಯಕರ. ಅಡಿಟಿಪ್ಪಣಿಯಿಂದ ಅಡಿಟಿಪ್ಪಣಿಗೆ ಇಳಿದ ಉಲ್ಲೇಖವೂ ಸಹಾರನಪುರದ ಪ್ರತಿಯಿಂದ ಇಳಿದ ನಾಗರೀ ಪ್ರತಿಗಳಂತೆಯೇ. ಹತ್ತು ಪ್ರಬಂಧಗಳಲ್ಲಿದ್ದರೂ ಅದು ಒಂದೇ.

ಕಾಣದ ಗ್ರಂಥವನ್ನು ಕಂಡಂತೆ ಉಲ್ಲೇಖಿಸಿದುದರಿಂದ ಬಂದ ತೊಡಕಿಗೆ ಷಟ್ಖಂಡಾಗಮದ ಪರಿಸರದಲ್ಲಿಯೇ, ಅದೂ ಕನ್ನಡಕ್ಕೆ ಸಂಬಂಧಿಸಿದಂತೆ, ಇನ್ನೊಂದು ನಿದರ್ಶನವಿದೆ. ತುಂಬುಲೂರಾಚಾರ್ಯರು ಈ ಆಗಮದ ಮೇಲೆ ‘ಚೂಡಾಮಣಿ’ ಎಂಬ 84,000 ಗ್ರಂಥಪ್ರಮಾಣದ ಕರ್ಣಾಟಭಾಷಾ ವ್ಯಾಖ್ಯಾನವನ್ನು ಬರೆದರೆಂದು ಇಂದ್ರನಂದಿಯ ಶ್ರುತಾವತಾರ ತಿಳಿಸುತ್ತದೆ. 1604ರ ಕರ್ಣಾಟಕ ಶಬ್ದಾನುಶಾಸನದಲ್ಲಿ ಭಟ್ಟಾಕಲಂಕನು ಹೇಳುವ ಚೂಡಾಮಣಿ ತತ್ತ್ವಾರ್ಥಮಹಾಶಾಸ್ತ್ರದ ವ್ಯಾಖ್ಯಾನ, ಪ್ರಮಾಣ 96,000. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಹೊಗಳುವ ಶ್ರೀವರ್ಧದೇವರ ಚೂಡಾಮಣಿಯಾದರೋ ಒಂದು ಕಾವ್ಯ. ಮೂರು ಆಕರಗಳು, ಮೂರು ವಿವರಗಳು, ಒಂದು ಹೆಸರು. ಹೆಸರೊಂದೇ ಎಂಬ ಕಾರಣದಿಂದ ಮೊದಲಿನ ಸಾಹಿತ್ಯಚರಿತ್ರಕಾರರು ಇವುಗಳನ್ನು ಬೆರೆಸಿದರು; ಅನಂತರದವರು ಬೆರಸಿದುದನ್ನೇ ಆಕರವೆಂದು ಎತ್ತಿದರು. ಗ್ರಂಥವಂತೂ ಉಪಲಬ್ಧವಿಲ್ಲ. ಇಂತಹ ಕಡೆ ‘ಚೂಡಾಮಣಿ’ ಎಂದಷ್ಟೇ ಬರೆಯದೆ, ‘ಇಂದ್ರನಂದಿ ಹೇಳುವ ಚೂಡಾಮಣಿ’, ‘ಭಟ್ಟಾಕಲಂಕ ಹೇಳುವ ಚೂಡಾಮಣಿ’ ಎಂದು ಹೇಳಿದವನ ಹೆಸರಿನೊಡನೆ ಬರೆಯುವುದೇ ಶಾಸ್ತ್ರೀಯ.

ಧವಲಾದ ಕಾಲನಿರ್ದೇಶದಲ್ಲಿಯೂ ಇದೇ ಎಚ್ಚರಿಕೆ ಬೇಕು. ಧವಲಾ 816ರಲ್ಲಿ ಸಮಾಪ್ತವಾಯಿತೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಗ್ರಂಥಾಂತ್ಯದ ಪ್ರಶಸ್ತಿಗಾಹೆಗಳು ಪ್ರತಿಗಳಲ್ಲಿ ಅಶುದ್ಧವಾಗಿವೆ. ಅವುಗಳನ್ನು ತಿದ್ದಿ ಹೀರಾಲಾಲ ಜೈನರು ಶಕ 738 ಎಂದು ನಿರ್ಣಯಿಸಿದರು. ಅವೇ ಗಾಹೆಗಳಿಂದ ಡಾ. ಜ್ಯೋತಿಪ್ರಸಾದ ಜೈನರು ವಿಕ್ರಮ 838 ಎಂದು ಓದಿ 780ಕ್ಕೆ ಬಂದರು. ಎರಡಕ್ಕೂ ನಡುವೆ 36 ವರ್ಷಗಳ ಅಂತರ. ರಾಷ್ಟ್ರಕೂಟ ಇತಿಹಾಸದಲ್ಲಿ ಅದು ಕಡಮೆಯ ಅಂತರವಲ್ಲ. ಜಯಧವಲಾದ ಶಕ 759 (ಕ್ರಿ.ಶ. 837) ಎಂಬುದು ಇದಕ್ಕೆ ಭಿನ್ನ, ಅಲ್ಲಿ ಜಿನಸೇನರ ಪ್ರಶಸ್ತಿಯೇ ಸ್ಪಷ್ಟವಾಗಿ ಹೇಳುತ್ತದೆ. ಎರಡು ಕಾಲಗಳನ್ನೂ ಒಂದೇ ಸಾಲಿನಲ್ಲಿ, ಒಂದೇ ಧಾಟಿಯಲ್ಲಿ ಬರೆದರೆ ಒಂದು ಗ್ರಂಥಕಾರರ ಮಾತು, ಇನ್ನೊಂದು ಸಂಪಾದಕರು ತಿದ್ದಿಕೊಂಡ ಪಾಠದ ಫಲ ಎಂಬುದು ಮರೆಯಾಗುತ್ತದೆ.

93ನೆಯ ಸೂತ್ರವನ್ನು ಇನ್ನು ಮುಂದೆ ಉಲ್ಲೇಖಿಸುವವರು ಮುದ್ರಣದ ಸ್ಥಳ, ವರ್ಷ, ಪುಟಗಳನ್ನು ಕೊಡುವುದರ ಜೊತೆಗೆ, ‘ಸಂಜದ’ ಪದ 1939ರ ಮುದ್ರಣದ ಸೂತ್ರದಲ್ಲಿಲ್ಲ, ಅಡಿಟಿಪ್ಪಣಿಯಲ್ಲಿ ಊಹಿತ, ಮೂಡುಬಿದಿರೆಯ ತಾಡಪತ್ರದಿಂದ ಸಮರ್ಥಿತ ಎಂಬ ಒಂದು ಸಾಲನ್ನು ಸೇರಿಸಿದರೆ ಸಾಕಾಗುತ್ತದೆ. ಮೂಡುಬಿದಿರೆಯಲ್ಲಿರುವ ಧವಲಾ ಪ್ರತಿ ಒಂದೇ ಅಲ್ಲ, ಮೂರು, ಎಲ್ಲವೂ ಪೂರ್ಣವಲ್ಲ. ಆದುದರಿಂದ ‘ಮೂಡುಬಿದಿರೆಯ ಪ್ರತಿ’ ಎಂದು ಮೊಗಮ್ಮಾಗಿ ಹೇಳುವುದಕ್ಕಿಂತ ಯಾವ ಪ್ರತಿ, ಎಷ್ಟನೆಯ ಓಲೆ, ಓಲೆಯ ಯಾವ ಮುಖ, ಎಷ್ಟನೆಯ ಸಾಲು ಎಂಬುದನ್ನು ಗುರುತಿಸಿ ಹೇಳುವ ಪದ್ಧತಿ ಬರಬೇಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಸೂಚಿ ಈ ದಾರಿಯಲ್ಲಿ ಮೊದಲ ಹೆಜ್ಜೆ. ಗ್ರಂಥದ ಮಟ್ಟದಲ್ಲಿ ಅದು ಮಾಡಿಕೊಟ್ಟ ಉಪಕಾರವನ್ನು ಓಲೆಯ ಮಟ್ಟದಲ್ಲಿ, ಸೂತ್ರಸೂತ್ರಕ್ಕೂ ಓಲೆಯ ಸಂಖ್ಯೆಯನ್ನು ಹೊಂದಿಸಿ ಮಾಡುವ ಕೆಲಸ ಹಳಗನ್ನಡ ಲಿಪಿಯನ್ನೂ ಶೌರಸೇನಿಯನ್ನೂ ಒಟ್ಟಿಗೆ ಬಲ್ಲವರಿಂದ ಆಗತಕ್ಕುದು. ಅಂತಹವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.